ಹಳೇ ಕಾರಿನ ಮಾರ್ಪಾಡು: ಟ್ರ್ಯಾಕ್ ಬೇರೆ, ರಸ್ತೆ ಬೇರೆ



ಹಳೇ ಮಾರುತಿ 800 ಕಾರನ್ನು ಮನೆಯಂಗಳದಲ್ಲೇ ಬಿಚ್ಚಿ ರೇಸಿಗೆ ಸಜ್ಜುಮಾಡುವ ಹುಚ್ಚು ನಮ್ಮ ಗಡಿ ಊರುಗಳ ಹುಡುಗರಿಗೂ ಹತ್ತಿದೆ. ಅವರ ಕೈಕೆಲಸ ಮೆಚ್ಚತಕ್ಕದ್ದೇ. ಆದರೆ ಕಾನೂನು ತಿಳಿದಿರಲಿ.

ಮೋಟಾರು ವಾಹನ ಕಾಯ್ದೆ ಕೇಂದ್ರದ್ದು. ರಾಜ್ಯದ ಗಡಿ ದಾಟಿದರೂ ಬದಲಾಗದು. ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು 52ನೇ ಕಲಮು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕರಿಗೆ ಒಂದೊಂದು ಮಾರ್ಪಾಡಿಗೂ 5,000 ರೂ. ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮಾಲೀಕರೆಂದರೆ ಆರ್.ಸಿ.ಯಲ್ಲಿ ಹೆಸರಿರುವವರು, ಎಷ್ಟೋ ಮನೆಗಳಲ್ಲಿ ಅದು ತಂದೆಯ ಹೆಸರು. ರೇಸಿನಲ್ಲಾದ ನಷ್ಟವನ್ನು ಸಾಮಾನ್ಯ ವಿಮೆ ಭರಿಸುವುದಿಲ್ಲ.

ಇನ್ನೊಂದು ಮಾತು. ಮಾರುತಿ 800ರಲ್ಲಿ ಎಂಜಿನ್ನಿನ ಬಲ ಹೋಗುವುದು ಮುಂದಿನ ಚಕ್ರಗಳಿಗೆ. ಹಿಂದಿನ ಚಕ್ರ ಜಾರಿಸುತ್ತ ಓಡಿಸುವ ಡ್ರಿಫ್ಟಿಂಗ್‌ಗೆ ಅದು ಹೊಂದದು. ಸಂತೆ ಮೈದಾನದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಗಿರಕಿ ಹೊಡೆಸಿದರೆ ಅಪಾಯ ಅಕ್ಕಪಕ್ಕ ನಿಂತವರಿಗೆ.

ಆಸೆಯಿದ್ದವರಿಗೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ. ತಾಳವಾಡಿ, ನೀಲಗಿರಿಯವರಿಗೆ ಅದು ದೂರವೇನಲ್ಲ. ಕಾರನ್ನು ಲಾರಿಯಲ್ಲಿ ಸಾಗಿಸಿ. ಎಂಜಿನ್ನಿಗಿಂತ ಮೊದಲು ಬ್ರೇಕು, ಟೈರು, ಸೀಟ್‌ಬೆಲ್ಟಿಗೆ ಹಣ ಹಾಕಿ. ಹಿರಿಯರು ಬೈಯುವ ಬದಲು ಆರ್.ಸಿ. ತೆಗೆದು ಮುಂದಿಟ್ಟು ಮಾತನಾಡಲಿ.

– ಕಾರ್ಯದರ್ಶಿ