ಗೆಣ್ಣು ಸೊಟ್ಟಗಾಗುವ ಮೊದಲೇ ನೋಡಿ

ದಾವಣಗೆರೆಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಿಂದ ಬರೆಯುತ್ತಿದ್ದೇನೆ. ಹೊಸದಾಗಿ ಸಂಧಿವಾತದ ಶಂಕೆ ಬಂದವರನ್ನು ಕಾಯಿಸದೆ ನೋಡುವ ಕ್ಲಿನಿಕ್ಕೊಂದು ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ನಡೆಯಬೇಕು. ಇದನ್ನು ಕೇಳುವುದಕ್ಕಾಗಿಯೇ ಈ ಪತ್ರ.

ನಮ್ಮ ಕಡೆ ಭತ್ತದ ನಾಟಿ, ಕಳೆ ಎಲ್ಲ ಹೆಣ್ಣುಮಕ್ಕಳ ಕೈಯಲ್ಲೇ ಆಗಬೇಕು. ಬೆರಳು ಊದಿ, ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಲಾಗದಿದ್ದರೆ ‘ನೀರಾಗೆ ನಿಂತು ವಾಯು ಆಗೇತಿ’ ಅನ್ನುತ್ತಾರೆ. 2006ರಲ್ಲಿ ಚಿಕೂನ್‌ಗುನ್ಯ ರಾಜ್ಯದ ಲಕ್ಷಾಂತರ ಜನರನ್ನು ಮಲಗಿಸಿದ ಮೇಲೆ ‘ಗುನ್ಯಾ ನೋವು, ಹೋಗ್ತೈತಿ ಬಿಡು’ ಎಂಬ ಸಮಾಧಾನವೂ ಸೇರಿಕೊಂಡಿತು. ಎಣ್ಣೆ ನೀವಿಕೊಂಡು, ಮೆಡಿಕಲ್ ಷಾಪಿನ ಮಾತ್ರೆ ನುಂಗಿ, ಆಗೊಂದು ಈಗೊಂದು ಇಂಜೆಕ್ಷನ್ ಚುಚ್ಚಿಸಿಕೊಳ್ಳುವುದರಲ್ಲೇ ತಿಂಗಳುಗಳು ಕಳೆಯುತ್ತವೆ.

ರುಮಟಾಯ್ಡ್ ಸಂಧಿವಾತದಲ್ಲಿ ಕೀಲು ಉಳಿಸಿಕೊಳ್ಳಲು ಸಿಗುವ ಕಾಲ ಆ ಮೊದಲ ತಿಂಗಳುಗಳೇ. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಕೀಲಿನ ಒಳಪೊರೆಯ ಮೇಲೆ ಎರಗುವ ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ 2–3 ಪಟ್ಟು ಹೆಚ್ಚು. ಕೀಲು ಒಮ್ಮೆ ಹಾಳಾದರೆ ಮೊದಲಿನಂತಾಗುವುದಿಲ್ಲ. ನೋವಿನ ಮಾತ್ರೆಗೆ ನೋವು ತಗ್ಗೀತು, ಹಾನಿ ನಿಲ್ಲದು. ಅದನ್ನು ತಡೆಯುವುದು ಮೆಥೊಟ್ರೆಕ್ಸೇಟ್‌ನಂಥ ಔಷಧಿ. ಹಳೆಯದು, ದುಬಾರಿಯಲ್ಲ, ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಆದರೆ ವಾರಕ್ಕೊಮ್ಮೆ ಮಾತ್ರ ನುಂಗಬೇಕು, ರಕ್ತಪರೀಕ್ಷೆ ತಪ್ಪಿಸಬಾರದು. ದಿನವೂ ನುಂಗಿದರೆ ಜೀವಕ್ಕೇ ಅಪಾಯ. ಹಾಗಾಗಿ ಬಲ್ಲ ವೈದ್ಯರ ಕಣ್ಣು ಬೇಕೇ ಬೇಕು.

ನೆದರ್ಲೆಂಡ್ಸ್‌ನ ಲೈಡನ್ನಿನಲ್ಲಿ ಹೊಸ ಸಂಧಿವಾತ ರೋಗಿಗಳನ್ನು ಬೇಗ ನೋಡುವ ಇಂಥ ಕ್ಲಿನಿಕ್ 1993ರಲ್ಲೇ ಶುರುವಾಯಿತು. ಲಕ್ಷಣ ಕಂಡ 6 ವಾರದೊಳಗೆ ತಜ್ಞರು ನೋಡಬೇಕು, 3 ತಿಂಗಳೊಳಗೆ ಔಷಧಿ ಆರಂಭವಾಗಬೇಕು ಎಂಬುದು ಯುರೋಪಿನ ಸಂಧಿವಾತ ತಜ್ಞರ ಸಂಘಟನೆಯ ಶಿಫಾರಸು. ಅದೇ ಗಡುವನ್ನು ನಮ್ಮ ಜಿಲ್ಲೆಗೂ ಹಾಕಿ.

ಮೊದಲ ಹೆಜ್ಜೆ ಊರಲ್ಲೇ ಆಗಬೇಕು. ಆಶಾ ಕಾರ್ಯಕರ್ತೆಯರಿಗೂ ಸಮುದಾಯ ಆರೋಗ್ಯಾಧಿಕಾರಿಗಳಿಗೂ ಮೂರು ಪ್ರಶ್ನೆ ಕಲಿಸಿ: ಕೀಲುಗಳಲ್ಲಿ ಊತ ಇದೆಯೇ? ಬೆಳಗಿನ ಬಿಗಿತ ಅರ್ಧ ಗಂಟೆ ಮೀರುತ್ತದೆಯೇ? ಬೆರಳ ಬುಡದ ಗೆಣ್ಣುಗಳ ಸಾಲನ್ನು ಅಡ್ಡಲಾಗಿ ಅದುಮಿದರೆ ನೋಯುತ್ತದೆಯೇ? ಶಂಕೆ ಬಂದರೆ ಕ್ಲಿನಿಕ್ಕಿಗೆ ಬರಬೇಕಾದ ದಿನಾಂಕ ಬರೆದ ಚೀಟಿಯನ್ನು ಅಲ್ಲೇ ಕೈಗೆ ಕೊಡಲಿ. ರಕ್ತದಲ್ಲಿ ರುಮಟಾಯ್ಡ್ ಫ್ಯಾಕ್ಟರ್ ‘ನೆಗೆಟಿವ್’ ಬಂದ ಮಾತ್ರಕ್ಕೆ ಯಾರನ್ನೂ ವಾಪಸ್ ಕಳಿಸಬಾರದು. ಕಾಯಿಲೆ ಇದ್ದೂ ರಕ್ತದಲ್ಲಿ ಆ ಫ್ಯಾಕ್ಟರ್ ಕಾಣಿಸದವರು ಎಷ್ಟೋ ಮಂದಿ.

ರಕ್ತಪರೀಕ್ಷೆ, ಎಕ್ಸ್‌ರೇ, ವೈದ್ಯರ ಭೇಟಿ ಜಿಲ್ಲಾ ಆಸ್ಪತ್ರೆಯಲ್ಲಿ ಒಂದೇ ದಿನ ಮುಗಿಯಲಿ. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿದೆ ನಿಜ, ಆ ದಿನದ ಕೂಲಿಯನ್ನು ಯಾರೂ ತುಂಬಿಕೊಡುವುದಿಲ್ಲ. ಮೂರು ಸಲ ಅಲೆದಾಡಿಸಿದರೆ ನಾಲ್ಕನೆಯ ಸಲ ಕೂಲಿಯ ಹೆಣ್ಣುಮಗಳು ಬರುವುದಿಲ್ಲ. ಮುಂದಿನ ಮಾತ್ರೆ, ರಕ್ತಪರೀಕ್ಷೆಗಳು ಹರಿಹರದ ಸರ್ಕಾರಿ ಆಸ್ಪತ್ರೆಯಲ್ಲೇ ಸಿಗುವಂತಾಗಲಿ.

ವೈದ್ಯರೆಲ್ಲಿ ಎಂದು ಕೇಳಬೇಡಿ. ಜೆ.ಜೆ.ಎಂ., ಎಸ್.ಎಸ್. ಎಂಬ ಎರಡು ವೈದ್ಯಕೀಯ ಕಾಲೇಜುಗಳಿರುವ ಊರು ದಾವಣಗೆರೆ. ಆ ಕಾಲೇಜುಗಳವರನ್ನು ಕರೆದು ಕೂರಿಸಿ ಮಾತಾಡಿ. ಹೊಸ ಕಟ್ಟಡವನ್ನು ನಾವು ಕೇಳುತ್ತಿಲ್ಲ. ಒಂದು ಕೊಠಡಿ, ತಪ್ಪದೆ ಬರುವ ವೈದ್ಯರು, ವಾರದಲ್ಲಿ ಗೊತ್ತುಮಾಡಿದ ಒಂದು ದಿನ ಇಷ್ಟಿದ್ದರೆ ಸಾಕು. ಆ ದಿನ ಯಾವುದೆಂದು ಈ ನಾಟಿಗೆ ಮೊದಲೇ ಪ್ರಕಟಿಸಿ. ಮನೆಮನೆಗೆ ತಿಳಿಸುವ ಹೊಣೆ ಊರಿನವರಾದ ನಮ್ಮದು.

ಇಂತಿ ತಮ್ಮ ವಿಶ್ವಾಸಿ,
ಕಡರನಾಯಕನಹಳ್ಳಿಯ ನಿವಾಸಿ