ಪಾಠದ ಓಮ್ ನಿಯಮ, ಮನೆಯ ಮೀಟರ್

ಚಿಕ್ಕಬಳ್ಳಾಪುರ: ಓಮ್ ನಿಯಮವನ್ನು ತಪ್ಪಿಲ್ಲದೆ ಒಪ್ಪಿಸುವ ಹತ್ತನೇ ತರಗತಿಯ ವಿದ್ಯಾರ್ಥಿಗೆ ಮನೆಯ ವಿದ್ಯುತ್ ಬಿಲ್ ಓದಲು ಬರುವುದೇ? ಭೌತಶಾಸ್ತ್ರದ ಮೇಷ್ಟ್ರು ಎಚ್. ನರಸಿಂಹಯ್ಯ ಹುಟ್ಟಿದ ಗೌರಿಬಿದನೂರು ಸೀಮೆಯಲ್ಲಿ ಕೇಳಲೇಬೇಕಾದ ಪ್ರಶ್ನೆಯಿದು. 2023ರಲ್ಲಿ ಬಂದ ಗೃಹಜ್ಯೋತಿ ಅದಕ್ಕೆ ರೂಪಾಯಿಯ ಬೆಲೆಯನ್ನೂ ಕಟ್ಟಿದೆ.

ಯೋಜನೆ ನಿಂತಿರುವುದು ಸರಾಸರಿಯ ಮೇಲೆ. 2022-23ರಲ್ಲಿ ತಿಂಗಳಿಗೆ ಸರಾಸರಿ 60 ಯೂನಿಟ್ ಬಳಸಿದ ಮನೆಗೆ ಶೇ 10 ಸೇರಿಸಿ 66 ಯೂನಿಟ್ ಉಚಿತ. ಮೀರಿದ ಯೂನಿಟ್‌ಗಳಿಗೆ ಹಣ. 200 ದಾಟಿದರೆ ಪೂರ್ತಿ ಬಿಲ್. ಆ ವರ್ಷ ಕೆಲವು ತಿಂಗಳು ಬೀಗ ಬಿದ್ದಿದ್ದ ಮನೆಯ ಸರಾಸರಿ ಸಹಜವಾಗಿಯೇ ಕುಸಿಯುತ್ತದೆ. ದತ್ತಾಂಶ ವಿಶ್ಲೇಷಣೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

1,500 ವ್ಯಾಟ್ ಗೀಸರ್ 40 ನಿಮಿಷದಲ್ಲಿ ಒಂದು ಯೂನಿಟ್ ನುಂಗುತ್ತದೆ. ವಾರವಿಡೀ ಅದೇ ಹೊತ್ತಿಗೆ ಮೀಟರ್ ಅಂಕಿ ಬರೆದುಕೊಂಡರೆ ಅದು ನಕ್ಷೆಯಲ್ಲಿ ಎದ್ದು ಕಾಣುತ್ತದೆ. ಪ್ರಯೋಗಾಲಯದ ಖರ್ಚಿಲ್ಲ, ಮಕ್ಕಳು ಸ್ವಿಚ್‌ಬೋರ್ಡ್ ಬಿಚ್ಚಬೇಕಾಗಿಯೂ ಇಲ್ಲ.