ನಮ್ಮ ಹೆಸರಿನಲ್ಲಿ ತಡೆದಿಟ್ಟ ಹಕ್ಕು

ಸಂಘ ಕಟ್ಟಿಕೊಳ್ಳುವ ಸ್ವಾತಂತ್ರ್ಯವನ್ನು ಕುರಿತ 87ನೆಯ ಒಡಂಬಡಿಕೆ 1948ರದು. ಒಟ್ಟಾಗಿ ನಿಂತು ಮಾಲೀಕನೊಡನೆ ಮಾತುಕತೆ ನಡೆಸುವ ಹಕ್ಕನ್ನು ಕುರಿತ 98ನೆಯದು 1949ರದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸ್ಥಾಪಕ ಸದಸ್ಯ ರಾಷ್ಟ್ರಗಳಲ್ಲಿ ಒಂದಾದ ಭಾರತ ಬಲವಂತದ ದುಡಿಮೆ, ಸಮಾನ ವೇತನ, ತಾರತಮ್ಯ, ಬಾಲಕಾರ್ಮಿಕ ಪದ್ಧತಿ ಇವುಗಳ ಮೇಲಿನ ಆರು ಮೂಲಭೂತ ಒಡಂಬಡಿಕೆಗಳನ್ನು ಅನುಮೋದಿಸಿದೆ. ಆದರೆ ಈ ಎರಡನ್ನು ಮುಕ್ಕಾಲು ಶತಮಾನ ಕಳೆದರೂ ಅನುಮೋದಿಸಿಲ್ಲ. ಕಾರಣವನ್ನೇನೂ ಮುಚ್ಚಿಟ್ಟಿಲ್ಲ, ಸರ್ಕಾರದ ಅಧಿಕೃತ ನಿಲುವು ಬಹುಕಾಲದಿಂದ ಒಂದೇ. ಇವನ್ನು ಅನುಮೋದಿಸಿದರೆ ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ, ಸರ್ಕಾರದ ನೀತಿಗಳನ್ನು ಬಹಿರಂಗವಾಗಿ ಟೀಕಿಸುವ ಹಕ್ಕುಗಳನ್ನು ಕೊಡಬೇಕಾಗುತ್ತದೆ. ಸೇವಾ ನಿಯಮಗಳು ಅದಕ್ಕೆ ಎಡೆಗೊಡುವುದಿಲ್ಲ.

ಎಂದರೆ, ಕಾರಣ ನಾವು.

ನಾವು, ಕೇಂದ್ರ ಸರ್ಕಾರದ ನೌಕರರು. ತಿಂಗಳು ಮುಗಿಯುವಾಗ ತಪ್ಪದೆ ಸಂಬಳ ಕಾಣುವವರು. ವರ್ಷಕ್ಕೆ ಎರಡು ಬಾರಿ ತುಟ್ಟಿಭತ್ಯೆ, ಹತ್ತು ವರ್ಷಕ್ಕೊಮ್ಮೆ ವೇತನ ಆಯೋಗ, ಅಹವಾಲಿಗೆ ಜಂಟಿ ಸಮಾಲೋಚನಾ ವ್ಯವಸ್ಥೆ, ಅಲ್ಲಿಯೂ ನ್ಯಾಯ ದೊರೆಯದಿದ್ದರೆ ಕೇಂದ್ರ ಆಡಳಿತ ನ್ಯಾಯಮಂಡಳಿ ಇರುವವರು. ನಮಗಿರುವ ನಿರ್ಬಂಧಗಳನ್ನು ನಾವು ಇವೆಲ್ಲದರ ಜೊತೆಗೇ ಒಪ್ಪಿಕೊಂಡು ಕೆಲಸಕ್ಕೆ ಸೇರಿದೆವು. ಆದರೆ ಅಚ್ಯುತಾಪುರದಲ್ಲಿ ಒಳಉಡುಪು ಹೊಲಿಯುವ ಹೆಣ್ಣುಮಗಳಿಗೆ, ವಿಶಾಖಪಟ್ಟಣದ ಸುತ್ತಿನ ಘಟಕಗಳಲ್ಲಿ ಸೀಗಡಿಯ ತಲೆ ಕಿತ್ತು ಸಿಪ್ಪೆ ಬಿಡಿಸುವವಳಿಗೆ, ಪೀಣ್ಯದಲ್ಲಿ ಗಂಟೆಗಿಷ್ಟು ಕಾಲರು ಎಂದು ಎಣಿಸಿ ಕೊಡುವವಳಿಗೆ ಇವುಗಳಲ್ಲಿ ಯಾವುದಿದೆ? ಅವಳಿಗೆ ಇರಬಹುದಾದದ್ದು ಸಂಘವೊಂದೇ. ಆ ಸಂಘಕ್ಕೆ ಅಂತರರಾಷ್ಟ್ರೀಯ ಒಡಂಬಡಿಕೆಯ ಬಲ ಕೊಡಬೇಡಿ ಎಂದು ನಾವು ಯಾರೂ ಅರ್ಜಿ ಹಾಕಲಿಲ್ಲ. ಆದರೂ ನಮ್ಮ ಹೆಸರನ್ನು ಮುಂದೊಡ್ಡಲಾಗಿದೆ.

ಆ ನೆಪ ಓದುವವರೆಗೆ ಮಾತ್ರ ಗಟ್ಟಿಯಾಗಿ ಕಾಣುತ್ತದೆ. 98ನೆಯ ಒಡಂಬಡಿಕೆಯ ಆರನೆಯ ವಿಧಿಯನ್ನು ತೆರೆದರೆ, ರಾಜ್ಯಾಡಳಿತದಲ್ಲಿ ತೊಡಗಿರುವ ಸರ್ಕಾರಿ ನೌಕರರ ಸ್ಥಿತಿಗತಿ ಈ ಒಡಂಬಡಿಕೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಅಲ್ಲಿಯೇ ಇದೆ. ನಮ್ಮನ್ನು ಹೊರಗಿಟ್ಟೇ ಬರೆದ ದಾಖಲೆಗೆ ನಾವೇ ಅಡ್ಡಿ ಎಂಬುದು ಯಾವ ತರ್ಕ? 87ರ ಮಾತು ಸ್ವಲ್ಪ ಬೇರೆ. ಅದು ಸೇನೆ ಮತ್ತು ಪೊಲೀಸರ ವಿಷಯವನ್ನಷ್ಟೇ ಆಯಾ ದೇಶದ ಕಾನೂನಿಗೆ ಬಿಡುತ್ತದೆ. ಅಲ್ಲಿ ಸರ್ಕಾರಕ್ಕೆ ನಿಜವಾದ ತೊಡಕಿದೆ ಎಂದೇ ಇಟ್ಟುಕೊಳ್ಳೋಣ. ಹಾಗಿದ್ದರೆ 98ನ್ನು ಇಷ್ಟು ಹೊತ್ತಿಗೆ ಅನುಮೋದಿಸಿರಬೇಕಿತ್ತಲ್ಲವೇ?

ಸಾಹಿತ್ಯದ ಬಳಗದಲ್ಲಿ ಇದೇನು ಕಚೇರಿಯ ಕಡತ ಬಿಚ್ಚಿದ್ದೀರಿ ಎನ್ನುವವರಿಗೆ ಒಂದೇ ಮಾತು. ನಮ್ಮಲ್ಲಿ ಅನೇಕರು ಇಂಗ್ಲಿಷ್ ಎಂ.ಎ. ಮಾಡಿದವರು. ಒಂದು ಪದದ ಅರ್ಥಛಾಯೆಗಾಗಿ ಸಂಜೆಯಿಡೀ ವಾದಿಸಬಲ್ಲವರು. ದೇಶ ಸಹಿ ಹಾಕುವ ಇಂಗ್ಲಿಷನ್ನೂ ಅಷ್ಟೇ ಎಚ್ಚರದಿಂದ ಓದುವುದು ನಮ್ಮ ಕಸುಬಿಗೆ ಹೊರತಾದದ್ದಲ್ಲ. ಇನ್ನು, ಕಾರ್ಖಾನೆಯ ಗೋಡೆಯ ಮೇಲೆ ‘ಕಾಯಕವೇ ಕೈಲಾಸ’ ಎಂದು ಬರೆಸುವವರು ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಹೇಳುವುದೇ ಇಲ್ಲ. ಬೇಕಾದುದಕ್ಕಿಂತ ಹೆಚ್ಚು ತಂದ ಅಕ್ಕಿಯನ್ನು ಗಂಡನಿಂದಲೇ ಹಿಂದಕ್ಕೆ ಸುರಿಸಿ ಬರಿಸಿದವಳು ಆಕೆ. ಕಾಯಕದ ಮಾತಿನಲ್ಲಿ ಲೆಕ್ಕವೂ ಸೇರಿದೆ ಎಂದು ತಿಳಿದಿದ್ದವಳು.

ಈಗ ವ್ಯಾಪಾರ ಒಪ್ಪಂದಗಳಿಗೆ ಬರೋಣ. 2024ರ ಮಾರ್ಚ್ 10ರಂದು ಭಾರತ ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್‌ಗಳ ಕೂಟದೊಡನೆ ಒಪ್ಪಂದ ಮಾಡಿಕೊಂಡಿತು. 2025ರ ಅಕ್ಟೋಬರ್ 1ರಿಂದ ಅದು ಜಾರಿಯಲ್ಲಿದೆ. 2025ರ ಜುಲೈ 24ರಂದು ಬ್ರಿಟನ್ನಿನೊಡನೆ ಸಹಿಯಾಯಿತು. ಮೊದಲನೆಯದರಲ್ಲಿ ಸುಸ್ಥಿರ ಅಭಿವೃದ್ಧಿಯ ಅಧ್ಯಾಯದೊಳಗೆ, ಎರಡನೆಯದರಲ್ಲಿ ಪ್ರತ್ಯೇಕ ಅಧ್ಯಾಯವಾಗಿಯೇ, ಕಾರ್ಮಿಕರ ಹಕ್ಕುಗಳ ಮಾತಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸದಸ್ಯತ್ವದಿಂದ ಬರುವ ಹೊಣೆಗಳನ್ನು ಅಲ್ಲಿ ಮತ್ತೆ ಒಪ್ಪಿಕೊಳ್ಳಲಾಗಿದೆ. ಆ ಹೊಣೆ ಯಾವುದು? ಒಡಂಬಡಿಕೆಯನ್ನು ಅನುಮೋದಿಸದಿದ್ದರೂ ಸದಸ್ಯ ರಾಷ್ಟ್ರವಾದ ಮಾತ್ರಕ್ಕೇ ಸಂಘ ಸ್ವಾತಂತ್ರ್ಯವೂ ಸೇರಿದಂತೆ ಮೂಲತತ್ವಗಳನ್ನು ಗೌರವಿಸತಕ್ಕದ್ದು ಎಂದು ಆ ಸಂಘಟನೆಯ 1998ರ ಘೋಷಣೆ ಹೇಳುತ್ತದೆ. ಹೀಗೆ ಮುಂಬಾಗಿಲಲ್ಲಿ ಒಲ್ಲೆವೆಂದದ್ದನ್ನು ಹಿತ್ತಿಲ ಬಾಗಿಲಲ್ಲಿ ಒಪ್ಪಿಯಾಗಿದೆ. ಒಪ್ಪಿದ್ದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಸುಂಕದ ಮಾತು ಮುರಿದರೆ ವ್ಯಾಜ್ಯ ಹೂಡಬಹುದು, ಕಾರ್ಮಿಕರ ಮಾತು ಮುರಿದರೆ ಸಮಾಲೋಚನೆ ಮಾತ್ರ. ವ್ಯಾಜ್ಯ ಪರಿಹಾರದ ವ್ಯವಸ್ಥೆಯಿಂದ ಈ ಅಧ್ಯಾಯಗಳನ್ನು ಹೊರಗಿಡಲಾಗಿದೆ. ಹೊರಗಿನ ನ್ಯಾಯಪೀಠ ಬೇಡ ಎಂದವರ ಮೇಲೆ ಒಳಗಿನ ಕಾನೂನನ್ನು ಗಟ್ಟಿ ಮಾಡುವ ಹೊಣೆ ಇಮ್ಮಡಿಯಾಗುತ್ತದೆ.

ಒಳಗೆ ನಡೆದದ್ದೇನು? ವ್ಯಾಪಾರವನ್ನೋ ಹೂಡಿಕೆಯನ್ನೋ ಸೆಳೆಯಲೆಂದು ಕಾರ್ಮಿಕರ ರಕ್ಷಣೆಯನ್ನು ಸಡಿಲಿಸಕೂಡದು ಎಂಬುದು ಇಂಥ ಅಧ್ಯಾಯಗಳ ಜೀವಾಳ. ಬ್ರಿಟನ್ ಒಪ್ಪಂದಕ್ಕೆ ಸಹಿ ಬೀಳುವ ಹಿಂದಿನ ತಿಂಗಳು, 2025ರ ಜೂನ್‌ನಲ್ಲಿ, ಆಂಧ್ರಪ್ರದೇಶದ ಸಚಿವ ಸಂಪುಟ ಕಾರ್ಖಾನೆಯ ದಿನದ ದುಡಿಮೆಯ ಮಿತಿಯನ್ನು 9 ಗಂಟೆಯಿಂದ 10 ಗಂಟೆಗೆ, ಮೂರು ತಿಂಗಳ ಹೆಚ್ಚುವರಿ ದುಡಿಮೆಯ ಮಿತಿಯನ್ನು 75ರಿಂದ 144 ಗಂಟೆಗೆ ಏರಿಸಲು ಒಪ್ಪಿತು. ಹೂಡಿಕೆದಾರರಿಗೆ ಅನುಕೂಲವಾಗಲಿ ಎಂಬ ಉದ್ದೇಶವನ್ನು ಬಹಿರಂಗವಾಗಿಯೇ ಹೇಳಲಾಯಿತು. ವಾರದ ಮಿತಿ 48 ಗಂಟೆಯೇ ಉಳಿದಿದೆ ಎಂಬ ಸಮಾಧಾನವೂ ಬಂತು. ಇದರಲ್ಲಿ ಆಂಧ್ರವೊಂದನ್ನೇ ಹಳಿಯುವಂತಿಲ್ಲ. ನಮ್ಮ ಕರ್ನಾಟಕ 2023ರಲ್ಲಿಯೇ 12 ಗಂಟೆಯ ಪಾಳಿಗೆ ದಾರಿ ಮಾಡಿಕೊಟ್ಟು ಅಣ್ಣನ ಸ್ಥಾನ ಪಡೆದಿದೆ. ಕಾಗದದ ಮೇಲಿನ ಮಿತಿಗೆ ಶಿಫ್ಟು ಮುಗಿಸಿ ಕಂಪನಿಯ ಬಸ್ಸಿನಲ್ಲಿ ಒಂದೂವರೆ ತಾಸು ಕುಳಿತು ಊರು ಸೇರುವವಳ ದಿನದ ಉದ್ದ ಕಾಣುವುದಿಲ್ಲ.

ಕೆಲಸದ ನಿಮಿತ್ತ ನಾವು ವಿಶಾಖಪಟ್ಟಣ, ವಿಜಯವಾಡಗಳ ನಡುವಣ 350 ಕಿಲೋಮೀಟರನ್ನು ರೈಲಿನಲ್ಲಿ ಆಗಾಗ ಸವೆಸುವವರು. ಸರಕು ಹೊರಡುವುದು ಒಂದು ತುದಿಯಿಂದ. ಕಾನೂನು ಹೊರಡುವುದು ಇನ್ನೊಂದು ತುದಿಯಿಂದ, ವಿಜಯವಾಡಕ್ಕೆ ಹತ್ತಿರದ ವೆಲಗಪೂಡಿಯ ಶಾಸನಸಭೆಯಿಂದ. ನಡುವೆ ಯಾವ ನಿಲ್ದಾಣದಲ್ಲಿ ಕಾನೂನು ಇಳಿದುಹೋಗುತ್ತದೋ ತಿಳಿಯದು. ವಿಶೇಷ ಆರ್ಥಿಕ ವಲಯಗಳನ್ನೇ ನೋಡಿ. 2005ರ ಕಾಯ್ದೆಯ 49ನೆಯ ಕಲಮು ಅಲ್ಲಿ ಬೇರೆ ಕೇಂದ್ರ ಕಾನೂನುಗಳನ್ನು ಸಡಿಲಿಸಲು ಅಧಿಕಾರ ಕೊಡುತ್ತದೆ. ಕಾರ್ಮಿಕ ಸಂಘ, ಕೈಗಾರಿಕಾ ವಿವಾದ, ಕಾರ್ಮಿಕ ಕಲ್ಯಾಣಗಳ ಕಾನೂನನ್ನು ಮಾತ್ರ ಮುಟ್ಟಕೂಡದು ಎನ್ನುತ್ತದೆ. ಎಷ್ಟು ಒಳ್ಳೆಯ ಮಾತು! ಆದರೆ ಅನೇಕ ರಾಜ್ಯಗಳಲ್ಲಿ ಈ ವಲಯಗಳ ಮಟ್ಟಿಗೆ ಕಾರ್ಮಿಕ ಆಯುಕ್ತರ ಅಧಿಕಾರವನ್ನು ಅಭಿವೃದ್ಧಿ ಆಯುಕ್ತರಿಗೆ ವಹಿಸಲಾಗಿದೆ. ರಫ್ತು ಹೆಚ್ಚಿಸುವುದು ಯಾರ ಕೆಲಸವೋ ರಫ್ತು ಮಾಡುವವನ ತಪ್ಪು ಹುಡುಕುವುದೂ ಅವರದೇ ಕೆಲಸ. ವಲಯದ ಘಟಕಗಳನ್ನು ‘ಸಾರ್ವಜನಿಕ ಉಪಯುಕ್ತ ಸೇವೆ’ ಎಂದು ಸಾರಿ, ಮುಂಚಿತ ನೋಟಿಸಿಲ್ಲದ ಮುಷ್ಕರವನ್ನು ಅಕ್ರಮವಾಗಿಸಿದ್ದೂ ಉಂಟು. ಒಳಉಡುಪು ಯಾವ ಬಗೆಯ ಸಾರ್ವಜನಿಕ ಸೇವೆಯೋ! 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಈ ನೋಟಿಸಿನ ಕಟ್ಟನ್ನು ಎಲ್ಲ ಉದ್ದಿಮೆಗಳಿಗೂ ಹಬ್ಬಿಸಿತು: ಎಲ್ಲಿ ಮುಷ್ಕರ ಹೂಡಬೇಕಾದರೂ 14 ದಿನಗಳ ನೋಟಿಸು ಬೇಕು.

ಅಚ್ಯುತಾಪುರದಲ್ಲಿ 2022ರ ಜೂನ್‌ನಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಮತ್ತೊಮ್ಮೆ, ವಿಷಾನಿಲಕ್ಕೆ ಸಿಕ್ಕಿ ಉಡುಪು ಘಟಕಗಳ ನೂರಾರು ಮಹಿಳೆಯರು ಆಸ್ಪತ್ರೆ ಸೇರಿದರು. ಎರಡು ವರ್ಷದ ಮೇಲೆ, 2024ರ ಆಗಸ್ಟ್ 21ರಂದು, ಅದೇ ಪ್ರದೇಶದ ಔಷಧ ಕಾರ್ಖಾನೆಯ ಸ್ಫೋಟದಲ್ಲಿ 17 ಜನ ಸತ್ತರು. ಎರಡನೆಯ ಸಲದ ಅನಿಲಕ್ಕೆ ಮುನ್ನ ‘ಪರಿಹಾರ ಸಿಗುವವರೆಗೆ ಒಳಗೆ ಹೋಗೆವು’ ಎಂದು ಆ ಹೆಣ್ಣುಮಕ್ಕಳು ಒಟ್ಟಾಗಿ ಹೇಳಬಲ್ಲವರಾಗಿದ್ದರೆ? ಸಂಘದ ಹಕ್ಕು ಎಂದರೆ ಕೂಲಿಯ ಜಗ್ಗಾಟವಷ್ಟೇ ಅಲ್ಲ. ಅದು ಉಸಿರಿನ ವಿಷಯವೂ ಹೌದು.

ಇದಕ್ಕೆ ಎದುರಾಗಿ ಒಂದು ಗಂಭೀರ ವಾದವಿದೆ. ಕಾರ್ಮಿಕರ ಹಕ್ಕಿನ ಮಾತು ಶ್ರೀಮಂತ ದೇಶಗಳ ಮುಖವಾಡ, ನಮ್ಮ ಅಗ್ಗದ ಸರಕನ್ನು ತಡೆಯುವ ಉಪಾಯ ಎಂಬುದು ಆ ವಾದ. 1996ರ ಡಿಸೆಂಬರಿನಲ್ಲಿ ಸಿಂಗಪುರದ ವಿಶ್ವ ವ್ಯಾಪಾರ ಸಂಘಟನೆಯ ಸಭೆಯಲ್ಲಿ ಭಾರತ ಇದನ್ನೇ ಹೇಳಿತು; ಕಾರ್ಮಿಕ ಮಾನದಂಡಗಳಿಗೆ ತಕ್ಕ ವೇದಿಕೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಎಂದು ಆ ಸಭೆಯ ಘೋಷಣೆಯೂ ಒಪ್ಪಿತು. ಆ ಅನುಮಾನ ಸುಳ್ಳೆನ್ನಲಾರೆವು. 2025ರ ಆಗಸ್ಟಿನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಶೇಕಡ 50ರ ಸುಂಕ ಹೇರಿದಾಗ ಆಂಧ್ರದ ಸೀಗಡಿಯ ಬದುಕೇ ಅಲುಗಾಡಿತು. ಅಲ್ಲಿ ಸಿಪ್ಪೆ ಬಿಡಿಸುವವಳ ಹಕ್ಕಿನ ಪ್ರಸ್ತಾಪವೇ ಇರಲಿಲ್ಲ. ಬಲಿಷ್ಠನಿಗೆ ನೆಪ ಬೇಕಾಗಿಲ್ಲ. ಆದರೆ ಅದೇ ಹೊಡೆತದಿಂದಾಗಿಯೇ ಬ್ರಿಟನ್, ಯುರೋಪುಗಳ ಮಾರುಕಟ್ಟೆ ನಮಗೆ ಇಂದು ಹೆಚ್ಚು ಬೇಕಾಗಿದೆ. ಅಲ್ಲದೆ ಸಿಂಗಪುರದ ವಾದವನ್ನು ಕೊನೆಯವರೆಗೆ ನಡೆಸಿ ನೋಡಿ: ತಕ್ಕ ವೇದಿಕೆ ಜಿನೀವಾ ಎಂದವರು ಜಿನೀವಾದಲ್ಲಿ 98ಕ್ಕೆ ಸಹಿ ಹಾಕಬೇಕಲ್ಲವೇ? ಇದು ನಮ್ಮ ಮನೆಯ ವಿಷಯ ಎಂದು ಹೊರಗಿನವರಿಗೆ ಬಾಗಿಲು ಹಾಕಿದವರು ಮನೆಯೊಳಗೆ ದೀಪವನ್ನಾದರೂ ಹಚ್ಚಬೇಡವೇ?

ದಕ್ಷಿಣ ಕೊರಿಯಾದ ಉದಾಹರಣೆ ನಮ್ಮ ವಾಣಿಜ್ಯ ಪಂಡಿತರಿಗೆ ಗೊತ್ತಿರಲೇಬೇಕು. ಯುರೋಪಿಯನ್ ಒಕ್ಕೂಟದೊಡನೆ 2011ರಿಂದ ಅದಕ್ಕೆ ಒಪ್ಪಂದವಿತ್ತು. ಅಲ್ಲಿಯೂ ಕಾರ್ಮಿಕರ ಮಾತನ್ನು ಸಾಮಾನ್ಯ ವ್ಯಾಜ್ಯದಿಂದ ಹೊರಗಿಟ್ಟಿದ್ದರು. ಕೊರಿಯಾ 87, 98ನ್ನು ಅನುಮೋದಿಸದೆ ಕಾಲ ತಳ್ಳಿದಾಗ ವಿಷಯ ತಜ್ಞರ ಸಮಿತಿಯ ಮುಂದೆ ಹೋಯಿತು. 2021ರ ಜನವರಿಯಲ್ಲಿ ಸಮಿತಿಯ ವರದಿ ಬಂತು. ಸುಂಕದ ಬೆದರಿಕೆ ಇರಲಿಲ್ಲ, ದಂಡವೂ ಇರಲಿಲ್ಲ. ಆದರೂ ಕೊರಿಯಾ ತನ್ನ ಕಾರ್ಮಿಕ ಸಂಘಗಳ ಕಾಯ್ದೆಯನ್ನು ತಿದ್ದಿಕೊಂಡು ಅದೇ ಏಪ್ರಿಲ್‌ನಲ್ಲಿ ಎರಡನ್ನೂ ಅನುಮೋದಿಸಿತು. ಅದರ ಕಾರುಗಳೇನೂ ಮಾರಾಟವಾಗದೆ ಉಳಿಯಲಿಲ್ಲ.

ಅನುಮೋದನೆಯಿಂದಲೇ ಎಲ್ಲವೂ ಆದೀತೆಂಬ ಭ್ರಮೆ ಕಚೇರಿಯಲ್ಲಿ ಕುಳಿತ ನಮಗಿಲ್ಲ. ಕಾರ್ಮಿಕ ತಪಾಸಣೆಯ 81ನೆಯ ಒಡಂಬಡಿಕೆಯನ್ನು ಭಾರತ 1949ರಲ್ಲಿಯೇ ಅನುಮೋದಿಸಿತು. ಮುನ್ಸೂಚನೆಯಿಲ್ಲದೆ, ಹಗಲಾಗಲಿ ರಾತ್ರಿಯಾಗಲಿ, ಇನ್‌ಸ್ಪೆಕ್ಟರು ಕೆಲಸದ ಸ್ಥಳವನ್ನು ಹೊಕ್ಕು ನೋಡಬಹುದೆಂದು ಅದು ಹೇಳುತ್ತದೆ. ಹೊಸ ಸಂಹಿತೆಗಳಲ್ಲಿ ಅವರು ‘ಇನ್‌ಸ್ಪೆಕ್ಟರ್ ಮತ್ತು ಫೆಸಿಲಿಟೇಟರ್’. ಎಲ್ಲಿಗೆ ಹೋಗಬೇಕೆಂಬುದನ್ನು ಗಣಕಯಂತ್ರ ಚೀಟಿ ಎತ್ತಿ ಹೇಳಬಹುದು. ವಿಜಯವಾಡದ ಆಟೋನಗರದಲ್ಲಿ ಲಾರಿಯ ಮೈ ಕಟ್ಟುವ, ಬೆಸುಗೆ ಹಾಕುವ ಶೆಡ್ಡುಗಳಿಗೆ ಚೀಟಿಯೂ ಬೇಕಿಲ್ಲ: ವಿದ್ಯುತ್ ಬಳಸುವ ಕಡೆ 20 ಜನ ಇಲ್ಲದಿದ್ದರೆ ಅದು ಈಗ ಕಾರ್ಖಾನೆಯೇ ಅಲ್ಲ, ಹಿಂದೆ 10 ಜನ ಸಾಕಿತ್ತು. ಕೆಲಸದ ಷರತ್ತುಗಳನ್ನು ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಗೋಡೆಗೆ ಹಚ್ಚಬೇಕೆಂದು 1946ರ ಸ್ಥಾಯಿ ಆದೇಶಗಳ ಕಾಯ್ದೆ ವಿಧಿಸಿತ್ತು. ಹೊಸ ಸಂಹಿತೆಯಲ್ಲಿ ಸ್ಥಾಯಿ ಆದೇಶದ ಕಟ್ಟುಪಾಡು 300 ಜನರಿರುವ ಕಡೆಗೆ ಮಾತ್ರ. ಒಡಿಶಾದಿಂದ ಬಂದು ತೆಲುಗು ನಾಡಿನಲ್ಲಿ ಸೀಗಡಿ ಬಿಡಿಸುವವಳಿಗೆ ತನ್ನ ಕೆಲಸದ ಷರತ್ತು ಮೇಸ್ತ್ರಿಯ ಬಾಯಿಂದ ಕೇಳಿದಷ್ಟೇ.

ಆಚರಣೆ ಎಂದರೇನೆಂದು ಬೆಂಗಳೂರು ಒಮ್ಮೆ ತೋರಿಸಿಕೊಟ್ಟಿತು. 2020ರ ಏಪ್ರಿಲ್‌ನಿಂದ ಕೊಡಬೇಕಿದ್ದ ತುಟ್ಟಿಭತ್ಯೆಯ ಏರಿಕೆ, ತಿಂಗಳಿಗೆ ಸುಮಾರು 417 ರೂಪಾಯಿ, ಕರ್ನಾಟಕದ ನಾಲ್ಕು ಲಕ್ಷಕ್ಕೂ ಹೆಚ್ಚು ಗಾರ್ಮೆಂಟ್ಸ್ ಕಾರ್ಮಿಕರಿಗೆ ಸಿಗಲಿಲ್ಲ. ಹೈಕೋರ್ಟಿನ ಆದೇಶ ಬಂದ ಮೇಲೂ ಕೈಗೆ ಬರಲಿಲ್ಲ. ವಿಷಯ ವಿದೇಶದ ಪತ್ರಿಕೆಗಳಿಗೂ ಬ್ರ್ಯಾಂಡುಗಳಿಗೂ ಮುಟ್ಟಿದ ಮೇಲೆ, 2021ರ ಕೊನೆಗೆ, ಬಾಕಿಯ ಮಾತು ಶುರುವಾಯಿತು. ಅದೇ ಅವಧಿಯಲ್ಲಿ ನಮ್ಮ ತುಟ್ಟಿಭತ್ಯೆಯನ್ನೂ 18 ತಿಂಗಳು ತಡೆಹಿಡಿಯಲಾಗಿತ್ತು. ನಾವು ಎಷ್ಟು ಮನವಿ ಕೊಟ್ಟೆವು, ಎಷ್ಟು ಗೊಣಗಿದೆವು, ಆ ಬಾಕಿಯನ್ನು ಇಂದಿಗೂ ಕೇಳುತ್ತಲೇ ಇದ್ದೇವೆ! ಕೇಳುವುದಕ್ಕೆ ನಮಗೆ ಸಂಘಗಳಿವೆ. ಬೆಂಗಳೂರಿನ ಹೆಣ್ಣುಮಕ್ಕಳು 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ರಸ್ತೆಗಿಳಿದಾಗ ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಅದರ ಲಾಭ ದೇಶದ ಎಲ್ಲ ಭವಿಷ್ಯನಿಧಿ ಸದಸ್ಯರಿಗೂ ಆಯಿತು. ಹದಿನಾಲ್ಕು ದಿನದ ನೋಟಿಸು ಅವರು ಕೊಟ್ಟಿರಲಿಲ್ಲ.

ನಡತೆಯ ನಿಯಮಗಳು ಸಾಹಿತ್ಯಕ ಬರವಣಿಗೆಗೆ ಅನುಮತಿ ಬೇಡವೆನ್ನುತ್ತವೆ, ಸರ್ಕಾರದ ನೀತಿಯ ಟೀಕೆ ಸಲ್ಲದೆನ್ನುತ್ತವೆ. ಸರ್ಕಾರವೇ ಸಹಿ ಹಾಕಿದ ಕಾಗದವನ್ನು ಗಟ್ಟಿಯಾಗಿ ಓದುವುದು ಇವೆರಡರಲ್ಲಿ ಯಾವುದೋ, ಬಲ್ಲವರು ಹೇಳಲಿ. ನಾವು ಕೇಳುವುದು ಇಷ್ಟು: 98ನೆಯ ಒಡಂಬಡಿಕೆಗೆ ನಮ್ಮ ಹೆಸರನ್ನು ಅಡ್ಡ ತರುವುದು ಬೇಡವೆಂದು ನಮ್ಮ ನೌಕರ ಸಂಘಗಳೇ ಠರಾವು ಮಾಡಿ ಕಾರ್ಮಿಕ ಸಚಿವಾಲಯಕ್ಕೆ ಕಳುಹಿಸಲಿ. ವೇತನ ಆಯೋಗಕ್ಕೆ ಪುಟಗಟ್ಟಲೆ ಮನವಿ ಬರೆಯುವ ಸಂಘಗಳಿಗೆ ಇದು ಅರ್ಧ ಪುಟದ ಕೆಲಸ. ವಿಶಾಖಪಟ್ಟಣದ ಶಾಖೆಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದಕ್ಕೆ ಜಾಗ ಕೇಳಿದ್ದೇವೆ. ವಿಜಯವಾಡದ ಗೆಳೆಯರೂ ಕೇಳುವರೆಂದು ನಂಬಿದ್ದೇವೆ. ಕರಡು ನಮ್ಮಲ್ಲಿ ಸಿದ್ಧವಿದೆ, ಇಂಗ್ಲಿಷಿನಲ್ಲಿಯೂ ಕನ್ನಡದಲ್ಲಿಯೂ. ತೆಲುಗಿಗೆ ತರಬಲ್ಲವರು ಬೇಕಾಗಿದ್ದಾರೆ.